ಆಪ್ತವಾಕ್ಯವಿಚಾರವೂ ಹಂಗೇರಿಯ ‘ಒರಿಗೊ’ ಪತ್ರಿಕೆಯೂ

ಶಬ್ದವು ಸ್ವತಂತ್ರವಾದ ಪ್ರಮಾಣವೆಂದು ನೈಯಾಯಿಕರೂ ಮೀಮಾಂಸಕರೂ ವೇದಾಂತಿಗಳೂ ಒಪ್ಪಿರುವರು. ವೈಶೇಷಿಕರೂ ಬೌದ್ಧರೂ ಅದನ್ನು ಅನುಮಾನದಲ್ಲಿಯೇ ಅಡಗಿಸುವರು. ಚಾರ್ವಾಕನಾದರೋ ಪ್ರತ್ಯಕ್ಷವೊಂದನ್ನುಳಿದು ಬೇರಾವುದನ್ನೂ ಒಪ್ಪನು. ಆದರೆ ಆ ಚಾರ್ವಾಕನೂ ತನ್ನ ತಂದೆ ಇಂತಹವನೆಂಬುದನ್ನು ಮತ್ತೊಬ್ಬರ ಮಾತಿನಿಂದಲೇ ತಿಳಿದವನಾದುದರಿಂದ, ಲೋಕವ್ಯವಹಾರದಲ್ಲಿ ಶಬ್ದವನ್ನು ಬಿಟ್ಟು ಬಾಳತಕ್ಕವರು ಯಾರೂ ಇಲ್ಲವೆಂದೇ ಹೇಳಬೇಕು. ಈ ಶಬ್ದವು ಯಾವಾಗ ಪ್ರಮಾಣವಾಗುವುದೆಂಬ ಪ್ರಶ್ನೆಗೆ ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನು ಕೊಟ್ಟಿರುವ ಉತ್ತರವು ಪ್ರಸಿದ್ಧವಾಗಿಯೇ ಇದೆ. ವಸ್ತುವನ್ನು ಸಾಕ್ಷಾತ್ತಾಗಿ ಅರಿತಿರಬೇಕು. ಅರಿತುದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯಿರಬೇಕು. ಇವೆರಡೂ ಇದ್ದವನೇ ಆಪ್ತನು. ಭಾಷ್ಯಕಾರನು ಇಷ್ಟಕ್ಕೇ ನಿಲ್ಲದೆ, ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಸೇರಿಸಿರುವುದು ಅವನ ಔದಾರ್ಯಕ್ಕೆ ಸಾಕ್ಷಿ. ಹೀಗಿರುವಲ್ಲಿ ಯೂರೋಪು ಖಂಡದ ಒಂದು ವಾರ್ತಾಪತ್ರಿಕೆಯ ವಾಕ್ಯಗಳಿಗೆ ಈ ಒರೆಗಲ್ಲನ್ನು ಹಚ್ಚಿ ನೋಡುವುದು ಅತಿಪ್ರಸಂಗವಾಗದು.

ಪ್ರಕೃತ ವಿಮರ್ಶೆಗೆ ವಿಷಯವಾದುದು ಹಂಗೇರಿ ದೇಶದ ‘ಒರಿಗೊ’ ಎಂಬ ಅಂತರ್ಜಾಲ ವಾರ್ತಾಪತ್ರಿಕೆ. ಅದರಲ್ಲಿಯೂ ಮುಖ್ಯವಾಗಿ 2014ರಿಂದ 2020ರವರೆಗಿನ ಅದರ ಚರಿತ್ರೆ. ಲ್ಯಾಟಿನ್ ಭಾಷೆಯಲ್ಲಿ ಈ ಪದಕ್ಕೆ ಮೂಲ, ಉಗಮ ಎಂದರ್ಥ. 1998ರಲ್ಲಿ ಆ ದೇಶದ ದೂರವಾಣಿ ಕಂಪೆನಿಯಾದ ‘ಮತಾವ್’ ಇದನ್ನು ಸ್ಥಾಪಿಸಿತು. ಕಂಪೆನಿಯು ತರುವಾಯ ‘ಮಗ್ಯಾರ್ ಟೆಲಿಕಾಂ’ ಎಂಬ ಹೆಸರನ್ನು ತಾಳಿತು. ಅದರ ಅಧಿಕಾಂಶವು ಜರ್ಮನಿಯ ದೂರವಾಣಿ ಸಂಸ್ಥೆಯದು. ಹತ್ತು ಹದಿನೈದು ವರ್ಷಗಳಲ್ಲಿ ಪತ್ರಿಕೆಯು ದೇಶದಲ್ಲಿ ಅತ್ಯಧಿಕ ವಾಚಕರನ್ನು ಪಡೆದ ಒಂದೆರಡು ಪತ್ರಿಕೆಗಳ ಸಾಲಿಗೆ ಬಂದಿತು. ಪಕ್ಷಪಾತವಿಲ್ಲದ ವಾರ್ತೆಗಾಗಿ ಜನರು ಅದರ ಕಡೆಗೆ ನೋಡುತ್ತಿದ್ದರು. ಭಾಷ್ಯಕಾರನು ಹೇಳಿದ ಎರಡು ಗುಣಗಳೂ ಅದರಲ್ಲಿ ಸಾಮಾನ್ಯವಾಗಿ ಇದ್ದುವೆಂಬುದನ್ನು ಪ್ರತಿಪಕ್ಷದವರೂ ಅಲ್ಲಗಳೆಯರು.

ಆ ಆಪ್ತತ್ವಕ್ಕೆ ಪರೀಕ್ಷೆಯು ಬಂದುದು 2014ರಲ್ಲಿ. ಪ್ರಧಾನಮಂತ್ರಿ ವಿಕ್ಟರ್ ಓರ್ಬಾನರ ಕಾರ್ಯಾಲಯದ ಮುಖ್ಯಸ್ಥರಾಗಿದ್ದ ಯಾನೋಶ್ ಲಾಜಾರರು ಕೈಗೊಂಡ ಕೆಲವು ವಿದೇಶಪ್ರವಾಸಗಳಲ್ಲಿ ವಸತಿಗಾಗಿ ರಾಜ್ಯದ ಬೊಕ್ಕಸದಿಂದ ಸುಮಾರು 20 ಲಕ್ಷ ಫೊರಿಂಟುಗಳು ವೆಚ್ಚವಾಗಿದ್ದುವು. ಈ ಲೆಕ್ಕವನ್ನು ಹೊರಗೆಡಹಬೇಕೆಂದು ಪತ್ರಿಕೆಯು ನ್ಯಾಯಾಲಯದ ಮೆಟ್ಟಲನ್ನೇರಿತು. ಆಂದ್ರಾಶ್ ಪೆತೊ ಎಂಬ ಬಾತ್ಮೀದಾರರು ಅದನ್ನು ಬರೆದರು. ಅದೇ ವರ್ಷದ ಜೂನ್ ತಿಂಗಳ ಆದಿಯಲ್ಲಿ ಸಂಪಾದಕರಾದ ಗೆರ್ಗೊ ಶಾಲಿಂಗರು ಹುದ್ದೆಯಿಂದ ಹೊರಬಿದ್ದರು. ರಾಜಕೀಯದ ಒತ್ತಾಯವಾವುದೂ ಇಲ್ಲವೆಂದು ಆಡಳಿತವರ್ಗದವರು ಸಾರಿದರು. ಸಿಬ್ಬಂದಿಯವರು ಈ ಮಾತನ್ನು ನಂಬಲಿಲ್ಲ. ಪೆತೊರವರೂ ಇತರ ಅನೇಕರೂ ರಾಜೀನಾಮೆಯಿತ್ತು ಹೊರನಡೆದರು. ಬುಡಾಪೆಸ್ಟ್ ನಗರದ ಬೀದಿಗಳಲ್ಲಿ ಜನರು ಪ್ರತಿಭಟಿಸಿದರು. ಒತ್ತಾಯವು ನಡೆಯಿತೋ ಇಲ್ಲವೋ ಎಂಬುದನ್ನು ಇಲ್ಲಿ ನಿರ್ಣಯಿಸಬೇಕಾದ ಅವಶ್ಯಕತೆಯಿಲ್ಲ. ಅರಿತವರು ಹೋದರು, ಅರಿತುದನ್ನು ಅರಿತಂತೆ ಹೇಳುವ ಇಚ್ಛೆಯುಳ್ಳವರು ಹೋದರು ಎಂಬಷ್ಟು ನಿರ್ವಿವಾದ.

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. 2015ರ ಕೊನೆಯಲ್ಲಿ ಕಂಪೆನಿಯು ಪತ್ರಿಕೆಯನ್ನು ‘ನ್ಯೂ ವೇವ್ ಮೀಡಿಯ’ ಎಂಬ ಸಂಸ್ಥೆಗೆ ಮಾರಲು ಒಪ್ಪಿತು. 2016ರ ಆರಂಭದಲ್ಲಿ ಅದು ಕೈ ಬದಲಾಯಿಸಿತು. ಅದೇ ಸಂಸ್ಥೆಗೆ ಸೇರಿದ ಮತ್ತೊಂದು ಪತ್ರಿಕೆಗೆ ಹಂಗೇರಿಯ ಕೇಂದ್ರ ಬ್ಯಾಂಕು ಸ್ಥಾಪಿಸಿದ್ದ ಧರ್ಮನಿಧಿಗಳಿಂದ 50 ಕೋಟಿ ಫೊರಿಂಟುಗಳಿಗೂ ಮೀರಿದ ಹಣವು ಸಂದಿತ್ತೆಂಬುದು 2016ರಲ್ಲಿ ಬಯಲಾಯಿತು. 2017ರಲ್ಲಿ ‘ಒರಿಗೊ’ ಕೇಂದ್ರ ಬ್ಯಾಂಕಿನ ಅಂದಿನ ಅಧ್ಯಕ್ಷರ ಪುತ್ರರ ಒಡೆತನದ ಸಂಸ್ಥೆಗೆ ಹೋಯಿತು. 2018ರ ನವೆಂಬರ್ 28ರಂದು ಸರ್ಕಾರಕ್ಕೆ ಸಮೀಪವರ್ತಿಗಳಾದ ಅನೇಕ ಒಡೆಯರು ತಮ್ಮ ತಮ್ಮ ಪತ್ರಿಕೆಗಳನ್ನೂ ರೇಡಿಯೋ ದೂರದರ್ಶನ ಕೇಂದ್ರಗಳನ್ನೂ ‘ಮಧ್ಯಯೂರೋಪು ಪತ್ರಿಕಾ ಮತ್ತು ಮಾಧ್ಯಮ ಪ್ರತಿಷ್ಠಾನ’ಕ್ಕೆ ದಾನಮಾಡಿದರು. ‘ಒರಿಗೊ’ ಅವುಗಳಲ್ಲಿ ಒಂದು. ಒಟ್ಟು ಸಂಖ್ಯೆಯು 400ನ್ನು ಮೀರಿತ್ತು. ದಾನವೆಂಬ ಶಬ್ದವನ್ನು ಗಮನಿಸಬೇಕು: ಕ್ರಯವಿಲ್ಲ, ಪ್ರತಿಫಲವಿಲ್ಲ. ಧರ್ಮಶಾಸ್ತ್ರದ ನಿಬಂಧಗ್ರಂಥಗಳಲ್ಲಿ ಇಂತಹ ಸಾಮೂಹಿಕ ನಿಷ್ಕಾಮದಾನದ ವಿಧಿಯು ಎಲ್ಲಿಯೂ ದೊರೆಯಲಾರದು. ಡಿಸೆಂಬರ್ ತಿಂಗಳಲ್ಲಿ ಸರ್ಕಾರವು ಈ ವಿಲೀನವು ರಾಷ್ಟ್ರದ ಮಹತ್ತ್ವಕ್ಕೆ ಸಂಬಂಧಿಸಿದುದೆಂದು ಶಾಸನಮಾಡಿ, ಸ್ಪರ್ಧಾನಿಯಂತ್ರಣಾಧಿಕಾರಿಗಳ ಪರಿಶೀಲನೆಯಿಂದ ಅದನ್ನು ಬಿಡುಗಡೆಗೊಳಿಸಿತು. 2020ರಲ್ಲಿ ಸಂವಿಧಾನ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು.

ಇಲ್ಲಿ ವಿಚಾರಾರ್ಹವಾದ ಮೊದಲನೆಯ ಅಂಶವೆಂದರೆ ನಾಮಧೇಯ. ಒಡೆಯನು ಬದಲಾದನು, ಸಂಪಾದಕನು ಬದಲಾದನು, ಬರೆಯುವ ಕೈಗಳು ಬದಲಾದುವು. ಹೆಸರು ಮಾತ್ರ ಬದಲಾಗಲಿಲ್ಲ. ವಾಚಕನು ಬೆಳಗಾಗೆದ್ದು ತೆರೆಯುತ್ತಿದ್ದ ಪುಟವು ಅದೇ, ತಲೆಬರಹದ ಅಕ್ಷರಗಳು ಅವೇ. ಆಪ್ತತ್ವವು ವಕ್ತೃವಿನ ಧರ್ಮವೇ ಹೊರತು ಹೆಸರಿನ ಧರ್ಮವಲ್ಲ. ಆದರೆ ವಾಚಕನಿಗೆ ವಕ್ತೃವು ಪ್ರತ್ಯಕ್ಷನಲ್ಲದುದರಿಂದ, ಹದಿನೈದು ವರ್ಷಗಳ ಸಂಸ್ಕಾರಬಲದಿಂದ ಅವನು ಆಪ್ತತ್ವವನ್ನು ಹೆಸರಿನ ಮೇಲೆಯೇ ಆರೋಪಿಸಿಕೊಂಡಿರುವನು. ಶುಕ್ತಿಯಲ್ಲಿ ರಜತವನ್ನು ಕಾಣುವವನಿಗೆ ಹಿಂದೆ ಎಲ್ಲಿಯೋ ನಿಜವಾದ ರಜತವನ್ನು ಕಂಡ ಅನುಭವವು ಇದ್ದೇ ಇರಬೇಕಷ್ಟೆ. ಹೊಸ ಒಡೆಯರು ಹಣ ಕೊಟ್ಟು ಕೊಂಡುದು ಯಂತ್ರಗಳನ್ನಲ್ಲ, ಮೇಜುಕುರ್ಚಿಗಳನ್ನಲ್ಲ, ಈ ಪೂರ್ವಸಂಸ್ಕಾರವನ್ನು. ಆದುದರಿಂದಲೇ ಪತ್ರಿಕೆಯನ್ನು ಮುಚ್ಚುವುದಕ್ಕಿಂತ ಅದನ್ನು ಅದೇ ಹೆಸರಿನಿಂದ ನಡೆಯಿಸುವುದು ಅಧಿಕಾರಕ್ಕೆ ಹೆಚ್ಚು ಉಪಯುಕ್ತವಾದುದಾಯಿತು.

ಇನ್ನು ಪತ್ರಿಕೆಯ ಭಾಷೆಗೆ ಬರಬಹುದು; ಸಾಹಿತ್ಯವಿಮರ್ಶೆಗೆ ನಿಜವಾದ ಕ್ಷೇತ್ರವು ಇದೇ. ಹಂಗೇರಿಯ ಭಾಷೆಯಲ್ಲಿ ದೇಶವನ್ನು ಬಿಟ್ಟು ಬರುವವರನ್ನು ಹೇಳಲು ಎರಡು ದೇಶ್ಯಪದಗಳು ಮೊದಲಿನಿಂದಲೂ ಇದ್ದುವು. ‘ಮೆನೆಕ್ಯುಲ್ಟ್’ ಎಂದರೆ ಅಪಾಯದಿಂದ ತಪ್ಪಿಸಿಕೊಂಡು ಓಡಿ ಬಂದವನು. ‘ಬೆವಾಂದೊರ್ಲೊ’ ಎಂದರೆ ಹೊರಗಿನಿಂದ ಅಲೆದು ಒಳಬಂದವನು. ಮೊದಲನೆಯ ಪದದ ಧಾತ್ವರ್ಥದಲ್ಲಿಯೇ ಭಯವಿದೆ, ಆದಕಾರಣ ಕೇಳಿದವನಲ್ಲಿ ಕರುಣೆಯು ಮೂಡುವುದು ಸಹಜ. ಎರಡನೆಯದರಲ್ಲಿ ರಾಗದ್ವೇಷಗಳಾವುವೂ ಇಲ್ಲ. 2015ರಲ್ಲಿ ಸಿರಿಯಾ ಮೊದಲಾದ ದೇಶಗಳಿಂದ ಜನರು ಹಂಗೇರಿಯ ಮಾರ್ಗವಾಗಿ ಪಶ್ಚಿಮಕ್ಕೆ ನಡೆದು ಬರತೊಡಗಿದಾಗ, ಸರ್ಕಾರವೂ ಅದರ ಬೆಂಬಲಿಗರಾದ ಪತ್ರಿಕೆಗಳೂ ಈ ಎರಡು ಪದಗಳನ್ನೂ ಹಿಂದೆ ಸರಿಸಿ ‘ಮಿಗ್ರಾನ್ಶ್’ ಎಂಬ ಪರಭಾಷಾಪದವನ್ನು ಮುಂದೆ ತಂದರು. ಅನ್ಯಭಾಷೆಯಿಂದ ಬಂದ ಪದಕ್ಕೆ ತಾಯ್ನುಡಿಯಲ್ಲಿ ಧಾತುವಿಲ್ಲ. ಧಾತುವಿಲ್ಲದುದರಿಂದ ಹೃದಯಕ್ಕೆ ತಾಗುವ ಅವಯವಾರ್ಥವಿಲ್ಲ. ಬರಿದಾದ ಪಾತ್ರೆಯಂತಿರುವ ಅದರಲ್ಲಿ ಬೇಕಾದ ಅರ್ಥವನ್ನು ತುಂಬಬಹುದು. ಭಯೋತ್ಪಾದನೆ, ರೋಗ, ಅನ್ಯಧರ್ಮ ಇವುಗಳ ಸಮೀಪದಲ್ಲಿ ಆ ಪದವನ್ನು ದಿನದಿನವೂ ಪ್ರಯೋಗಿಸಿದುದರಿಂದ, ಎರಡು ಮೂರು ವರ್ಷಗಳಲ್ಲಿ ವ್ಯಂಗ್ಯವಾಗಿದ್ದುದು ರೂಢಿಯಾಗಿ, ರೂಢಿಯು ವಾಚ್ಯವೇ ಆಯಿತು. ಆ ಪದದ ಮುಂದೆ ನೇವರಿಸುವವನೆಂಬ ಅರ್ಥದ ಪದವನ್ನು ಸೇರಿಸಿ ‘ಮಿಗ್ರಾನ್ಶ್‌ಶಿಮೊಗಾತೊ’ ಎಂಬ ಬಯ್ಗುಳವೂ ಹುಟ್ಟಿತು: ಬಂದವರ ಬೆನ್ನನ್ನು ನೇವರಿಸುವವನು. ಒಂದೇ ಸಮಾಸದಲ್ಲಿ ಎದುರಾಳಿಯ ದಯೆಯನ್ನು ಹಾಸ್ಯಾಸ್ಪದವಾಗಿ ಮಾಡಿದ ಈ ರಚನೆಯಲ್ಲಿ ಕೌಶಲವಿಲ್ಲವೆಂದು ಹೇಳಲಾಗದು. ವಿಷದಲ್ಲಿಯೂ ರುಚಿಯಿರಬಹುದು.

ಸಮಾಸದ ಮಾತು ಬಂದುದರಿಂದ ‘ಸೊರೊಸ್’ ಎಂಬ ಪೂರ್ವಪದದ ವಿಷಯವನ್ನೂ ನೋಡಬೇಕು. ಜಾರ್ಜ್ ಸೊರೊಸ್ ಎಂಬವರು 1930ರಲ್ಲಿ ಬುಡಾಪೆಸ್ಟಿನಲ್ಲಿಯೇ ಜನಿಸಿ, ಹೊರದೇಶದಲ್ಲಿ ಧನಿಕರಾಗಿ, 1991ರಲ್ಲಿ ಮಧ್ಯಯೂರೋಪು ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದವರು. 2017ರ ತರುವಾಯ ‘ಒರಿಗೊ’ ಮತ್ತು ಅದರ ಸಹೋದರಪತ್ರಿಕೆಗಳಲ್ಲಿ ಆ ವಿಶ್ವವಿದ್ಯಾನಿಲಯವು ‘ಸೊರೊಸ್-ವಿಶ್ವವಿದ್ಯಾನಿಲಯ’, ನೆರವಿನ ಸಂಘಗಳು ‘ಸೊರೊಸ್-ಸಂಘಗಳು’, ಭಿನ್ನಾಭಿಪ್ರಾಯಗಳೆಲ್ಲವೂ ‘ಸೊರೊಸ್-ಜಾಲ’. ವೈಯಾಕರಣನು ಇಲ್ಲಿ ತಡೆದು ಕೇಳುವ ಪ್ರಶ್ನೆಯೊಂದಿದೆ: ಈ ಸಮಾಸಕ್ಕೆ ವಿಗ್ರಹವಾಕ್ಯವೇನು? ಸೊರೊಸರಿಂದ ಸ್ಥಾಪಿತವಾದುದೆಂದು ತೃತೀಯೆಯೋ, ಸೊರೊಸರ ಹಿತಕ್ಕಾಗಿ ಇರುವುದೆಂದು ಚತುರ್ಥಿಯೋ, ಸೊರೊಸರಿಂದ ಹಣ ಬಂದುದೆಂದು ಪಂಚಮಿಯೋ, ಸೊರೊಸರ ಸ್ವತ್ತೆಂದು ಷಷ್ಠಿಯೋ? ಒಂದು ಸಂಘಕ್ಕೆ ಒಮ್ಮೆ ಅಲ್ಪಸ್ವಲ್ಪ ಧನಸಹಾಯವು ದೊರೆತಿದ್ದರೆ ಪಂಚಮಿಯು ಸತ್ಯ, ಚತುರ್ಥಿಯು ಅಸತ್ಯ. ವಿಭಕ್ತಿಯನ್ನು ಬಾಯಿಬಿಟ್ಟು ಹೇಳಿದರೆ ಲೇಖಕನು ಅದನ್ನು ಸಾಧಿಸಬೇಕಾಗುವುದು. ಸಾಧಿಸಲಾರದೆ ಹೋದರೆ ನ್ಯಾಯಸ್ಥಾನದಲ್ಲಿ ಉತ್ತರಿಸಬೇಕಾಗುವುದು. ಸಮಾಸದಲ್ಲಿ ವಿಭಕ್ತಿಯು ಲುಪ್ತವಾಗುವುದರಿಂದ ಆ ಹೊಣೆಯೂ ಅದರೊಡನೆ ಲೋಪವಾಗುವುದು. ವಾಚಕನು ತನ್ನ ಮನಸ್ಸಿನಲ್ಲಿ ಅತ್ಯಂತ ಕೆಟ್ಟದಾದ ವಿಗ್ರಹವನ್ನು ಮಾಡಿಕೊಳ್ಳುತ್ತಾನೆ. ಲೇಖಕನು ಏನನ್ನೂ ಹೇಳಿದಂತಾಗಲಿಲ್ಲ. ಶಬ್ದಶಾಸ್ತ್ರದ ಒಂದು ನಿರಪರಾಧಿಯಾದ ಸೂತ್ರವು ಇಂತಹ ಕಾರ್ಯಕ್ಕೆ ಸಾಧನವಾಗುವುದನ್ನು ಪ್ರಾಚೀನರು ಊಹಿಸಿರಲಾರರು. ‘ಬ್ರಸೆಲ್ಸ್’ ಎಂಬ ನಗರದ ಹೆಸರಿನಿಂದ ಯೂರೋಪು ಒಕ್ಕೂಟವನ್ನು ಹೇಳುವ ಲಕ್ಷಣೆಯಾದರೋ ಎಲ್ಲ ದೇಶಗಳ ಪತ್ರಿಕೆಗಳಲ್ಲಿಯೂ ಉಂಟು. ಆದರೆ ಹಂಗೇರಿಯ ಪ್ರತಿನಿಧಿಗಳೂ ಕುಳಿತು ಮತ ಕೊಡುವ ಸಭೆಯೇ ಅದೆಂಬುದು ಈ ಲಕ್ಷಣೆಯಲ್ಲಿ ಮರೆಯಾಗುವುದೆಂಬುದನ್ನು ಮಾತ್ರ ಸೂಚಿಸಿದರೆ ಸಾಕು.

ಅಧಿಕಾರದ ಸಮೀಪದಲ್ಲಿದ್ದು ಬರೆಯುವುದೇ ದೋಷವೆಂದು ಯಾರಾದರೂ ಈ ವಿಮರ್ಶೆಯಿಂದ ಗ್ರಹಿಸಿದರೆ ಅದು ತಪ್ಪು. ಹಾಗೆ ಹೇಳಿದರೆ ಕನ್ನಡ ಸಾಹಿತ್ಯದ ಪ್ರಥಮಪಂಕ್ತಿಯೇ ಬಿದ್ದುಹೋಗುವುದು. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಇಮ್ಮಡಿ ಪುಲಿಕೇಶಿಯ ದಿಗ್ವಿಜಯವನ್ನು ವರ್ಣಿಸಿದನು. 941ರ ಸುಮಾರಿನಲ್ಲಿ ಪಂಪನು ಅರಿಕೇಸರಿಯನ್ನು ಅರ್ಜುನನೊಡನೆ ಅಭೇದವಾಗಿ ಕಂಡು ಮಹಾಕಾವ್ಯವನ್ನು ರಚಿಸಿ ಅಗ್ರಹಾರವನ್ನು ಪಡೆದನು. ಇವರಲ್ಲಿ ಯಾರೂ ವಂಚಕರಲ್ಲ. ಏಕೆಂದರೆ ಪ್ರಶಸ್ತಿಯು ತಾನು ಪ್ರಶಸ್ತಿಯೆಂದೇ ಮುಖವನ್ನು ತೋರಿಸುವುದು. ಹೊಗಳಿದವನಾರು, ಹೊಗಳಿಸಿಕೊಂಡವನಾರು, ಸಂದ ಮರ್ಯಾದೆಯೇನು ಎಂಬುದೆಲ್ಲವೂ ಗ್ರಂಥದಲ್ಲಿಯೋ ಶಿಲೆಯಲ್ಲಿಯೋ ಬರೆದಿದೆ. ಶಾಸನಗಳನ್ನು ಓದಿ ಪಳಗಿದವರಿಗೆ ಗೊತ್ತಿರುವಂತೆ, ದಾನಶಾಸನದಲ್ಲಿ ಪ್ರಶಸ್ತಿಭಾಗವು ಬೇರೆ, ದತ್ತಿಯ ಭಾಗವು ಬೇರೆ. ಮೊದಲನೆಯದರಲ್ಲಿ ಅರಸನು ಸಮುದ್ರಗಳನ್ನು ಕುಡಿದರೂ ಕುಡಿಯಬಹುದು. ಎರಡನೆಯದರಲ್ಲಿ ಭೂಮಿಯ ಎಲ್ಲೆಯು ಹುಣಿಸೆಯ ಮರದಿಂದ ಕೆರೆಯ ಕೋಡಿಯವರೆಗೆ ಎಂಬಲ್ಲಿ ಒಂದು ಗೇಣೂ ಹೆಚ್ಚುಕಡಮೆಯಾಗಲಾಗದು. ಅತಿಶಯೋಕ್ತಿಗೆ ಎಡೆಯೆಲ್ಲಿ, ಸ್ವಭಾವೋಕ್ತಿಗೆ ಎಡೆಯೆಲ್ಲಿ ಎಂಬುದನ್ನು ಕಲ್ಲುಕುಟಿಗನೂ ಬಲ್ಲವನಾಗಿದ್ದನು. ‘ಒರಿಗೊ’ ಪತ್ರಿಕೆಯ ದೋಷವು ಅದು ಪ್ರಶಸ್ತಿಯನ್ನು ಬರೆದುದರಲ್ಲಿಲ್ಲ. ಎಲ್ಲೆಗಳನ್ನು ಹೇಳಬೇಕಾದ ಭಾಗದಲ್ಲಿ ಅದನ್ನು ಬರೆದುದರಲ್ಲಿದೆ. ಮಮ್ಮಟನ ಸಂಪ್ರದಾಯದವರು ಉಪದೇಶವನ್ನು ಪ್ರಭುಸಂಮಿತ, ಸುಹೃತ್ಸಂಮಿತ, ಕಾಂತಾಸಂಮಿತ ಎಂದು ಮೂರು ಬಗೆಯಾಗಿ ವಿಂಗಡಿಸುವರು. ವಾರ್ತಾಪತ್ರಿಕೆಗೆ ಸಲ್ಲುವುದು ಮಧ್ಯಮವಾದ ಮಿತ್ರನ ಮಾತು: ನಡೆದುದಿಷ್ಟು, ಮುಂದಿನದನ್ನು ನೀನೇ ಯೋಚಿಸು ಎಂಬುದು. ಇಲ್ಲಿಯಾದರೋ ಪ್ರಭುವಿನ ಮಾತೇ ಮಿತ್ರನ ಉಡುಪನ್ನು ತೊಟ್ಟು ಬಂದಿತು.

ಅಸತ್ಯವು ಎಂದಾದರೂ ಬಯಲಾಗಲೇಬೇಕು, ಬಾಧಕಜ್ಞಾನವು ಹುಟ್ಟಿದೊಡನೆ ಭ್ರಮವು ತೊಲಗುವುದು, ಆದುದರಿಂದ ಇಷ್ಟು ಚಿಂತೆಯೇಕೆ ಎನ್ನಬಹುದು. ಹಂಗೇರಿಯಲ್ಲಿ ಬಾಧಕಜ್ಞಾನಕ್ಕೆ ಮಾರ್ಗವಿಲ್ಲದೆ ಇರಲಿಲ್ಲ. ಅಸತ್ಯವಾದ ಸಂಗತಿಯನ್ನು ಪ್ರಕಟಿಸಿದ ಪತ್ರಿಕೆಯು ತಿದ್ದುಪಡಿಯನ್ನು ಮುದ್ರಿಸಬೇಕೆಂದು ಆ ದೇಶದ ಕಾನೂನು ವಿಧಿಸುವುದು. ಈ ಕಾನೂನಿನಂತೆ ನ್ಯಾಯಾಲಯಗಳು ‘ಒರಿಗೊ’ ಪತ್ರಿಕೆಗೆ ವಿರುದ್ಧವಾಗಿ ಹಲವು ಸಲ ತೀರ್ಪಿತ್ತುವು. ಆದರೆ ಪ್ರಾಮಾಣ್ಯವಾದದಲ್ಲಿ ಮೀಮಾಂಸಕರು ಹೇಳುವುದನ್ನು ಇಲ್ಲಿ ನೆನೆಯಬೇಕು. ಜ್ಞಾನವು ಹುಟ್ಟಿದಾಗಲೇ ಪ್ರಮಾಣವೆಂದು ತೋರುವುದು. ಬಾಧಕವು ಬರುವವರೆಗೂ ಅದು ಹಾಗೆಯೇ ನಿಲ್ಲುವುದು. ಶಾಸ್ತ್ರದಲ್ಲಿ ಈ ಪಕ್ಷವನ್ನು ಒಪ್ಪದ ನೈಯಾಯಿಕನೂ ಪತ್ರಿಕೆಯನ್ನೋದುವಾಗ ಮೀಮಾಂಸಕನೇ. ಪ್ರತಿಯೊಂದು ವಾರ್ತೆಗೂ ಸಂವಾದಿಪ್ರಮಾಣವನ್ನು ಹುಡುಕುತ್ತ ಕುಳಿತರೆ ಅವನಿಗೆ ಊಟದ ಹೊತ್ತು ಮೀರುವುದು. ಬಾಧಕವು ತಿಂಗಳುಗಳ ತರುವಾಯ ಬಂದಾಗ, ಭ್ರಮದಿಂದ ಪ್ರವೃತ್ತನಾದವನ ಪ್ರವೃತ್ತಿಯು ಮುಗಿದೇ ಹೋಗಿರುವುದು. 2018ರ ಏಪ್ರಿಲ್ 8ರಂದು ನಡೆದ ಮಹಾಚುನಾವಣೆಯಲ್ಲಿ ಓರ್ಬಾನರ ಪಕ್ಷವು 199 ಸ್ಥಾನಗಳಲ್ಲಿ 133ನ್ನು ಗಳಿಸಿತು. ಈ ಜಯವೆಲ್ಲವೂ ಪತ್ರಿಕೆಗಳಿಂದಲೇ ಬಂದುದೆಂದು ಹೇಳುವುದು ಅವಿಚಾರ. ಗ್ರಾಮಾಂತರದಲ್ಲಿ ಆ ಪಕ್ಷಕ್ಕೆ ನಿಜವಾದ ಜನಾನುರಾಗವೂ ಇದ್ದಿತು, ಎದುರಾಳಿಗಳಲ್ಲಿ ಒಡಕೂ ಇದ್ದಿತು. ಆದರೆ ಮತವು ಪೆಟ್ಟಿಗೆಯಲ್ಲಿ ಬಿದ್ದ ಮೇಲೆ ಬಂದ ತಿದ್ದುಪಡಿಯು ಆ ಮತವನ್ನು ತಿದ್ದಲಾರದು.

ಕೌಟಿಲ್ಯನ ಅರ್ಥಶಾಸ್ತ್ರದ ಒಂದು ಪ್ರಕರಣವನ್ನು ಇಲ್ಲಿ ಪರಿಶೀಲಿಸುವುದು ಅವಶ್ಯ. ಮೈಸೂರಿನ ಪ್ರಾಚ್ಯಪುಸ್ತಕಭಾಂಡಾಗಾರದಲ್ಲಿ ದೊರೆತ ತಾಳೆಗರಿಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಈ ಗ್ರಂಥವನ್ನು ಪ್ರಕಟಿಸಿದಂದಿನಿಂದ, ರಾಜರು ಜನಾಭಿಪ್ರಾಯವನ್ನು ನಿರ್ಮಿಸುತ್ತಿದ್ದ ರೀತಿಯು ವಿದ್ವಾಂಸರಿಗೆ ಸುವಿದಿತವಾಗಿದೆ. ಗೂಢಪುರುಷರಲ್ಲಿ ಇಬ್ಬರು ತೀರ್ಥಸ್ಥಳಗಳಲ್ಲಿಯೂ ಸಭೆಗಳಲ್ಲಿಯೂ ಜನರ ನಡುವೆ ವಾದವನ್ನು ಹೂಡಬೇಕು. ಒಬ್ಬನು ಅರಸನನ್ನು ದೂಷಿಸಬೇಕು. ಮತ್ತೊಬ್ಬನು ಮಾತ್ಸ್ಯನ್ಯಾಯದ ಕಥೆಯನ್ನು ಹೇಳಿ, ರಾಜನಿಲ್ಲದೆ ರಕ್ಷಣೆಯಿಲ್ಲವೆಂದು ಸಾಧಿಸಿ ಅವನ ಬಾಯನ್ನು ಮುಚ್ಚಿಸಬೇಕು. ಮೇಲುನೋಟಕ್ಕೆ ಇದು ‘ಒರಿಗೊ’ ಪತ್ರಿಕೆಯ ಮೂಲಪುರುಷನಂತೆಯೇ ತೋರುವುದು. ಆದರೆ ಭೇದವು ಸಾಮಾನ್ಯವಾದುದಲ್ಲ. ಅದೇ ಗೂಢಪುರುಷರು ಜನರಲ್ಲಿ ಹಬ್ಬಿದ ನಿಜವಾದ ಅಸಮಾಧಾನವನ್ನು ಕಂಡು ಅರಸನಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕಾಗಿತ್ತು; ಅಸಂತುಷ್ಟರನ್ನು ದಾನಸಾಂತ್ವನಗಳಿಂದ ಒಲಿಸಿಕೊಳ್ಳಬೇಕೆಂಬುದು ಅಲ್ಲಿಯ ಮೊದಲನೆಯ ವಿಧಿ. ಹೊರಕ್ಕೆ ಹರಿಯುವ ಸ್ತುತಿಯೂ ಒಳಕ್ಕೆ ಬರುವ ವಾರ್ತೆಯೂ ಎರಡು ಕಾಲುವೆಗಳು. ಅವು ಬೆರೆಯದಂತೆ ಕೌಟಿಲ್ಯನು ಕಾವಲಿಟ್ಟನು. ಅದಕ್ಕಿಂತಲೂ ಮುಖ್ಯವಾದುದು ಅವನು ವಾರ್ತೆಯ ಪರೀಕ್ಷೆಗೆ ಇಟ್ಟ ನಿಯಮ. ಚಾರರಲ್ಲಿ ಮೂವರ ಮಾತು ಒಂದಾದರೆ ಮಾತ್ರ ನಂಬಬೇಕು. ಆ ಚಾರರು ಒಬ್ಬರನ್ನೊಬ್ಬರು ಅರಿತಿರಲಾಗದು. ಎರಡನೆಯ ನಿಬಂಧನೆಯಿಲ್ಲದೆ ಮೊದಲನೆಯದಕ್ಕೆ ಬೆಲೆಯೇ ಇಲ್ಲ. 400ಕ್ಕೂ ಮೇಲ್ಪಟ್ಟ ಪತ್ರಿಕಾ ರೇಡಿಯೋಗಳು ಒಂದೇ ಪ್ರತಿಷ್ಠಾನದ ಸ್ವತ್ತಾಗಿ ಒಂದೇ ಮಾತನ್ನು ಆಡಿದಾಗ, ಕೌಟಿಲ್ಯನ ಲೆಕ್ಕದಲ್ಲಿ ಸಾಕ್ಷಿಗಳ ಸಂಖ್ಯೆಯು ಒಂದು. ವಾಚಕನ ಕಿವಿಗಾದರೋ ಅದು 400 ಎಂದು ಕೇಳಿಸುವುದು. ರಾಜಧಾನಿಯ ಅಂತರ್ಜಾಲಪತ್ರಿಕೆಯಲ್ಲಿ ಓದಿದುದನ್ನೇ ಜಿಲ್ಲೆಯ ದಿನಪತ್ರಿಕೆಯಲ್ಲಿ ಓದಿ, ರೇಡಿಯೋದಲ್ಲಿಯೂ ಕೇಳಿದ ರೈತನು, ಮೂವರು ಹೇಳುತ್ತಿರುವರೆಂದು ನಂಬಿದರೆ ಅವನ ತರ್ಕದಲ್ಲಿ ತಪ್ಪಿಲ್ಲ. ಹೇತುವಿನಲ್ಲಿ ಮಾತ್ರ ಅಸಿದ್ಧಿಯಿದೆ.

ಸರ್ಕಾರದ ಪಕ್ಷದವರು ಕೊಡುವ ಸಮಾಧಾನವನ್ನೂ ಕೇಳಬೇಕು. 1990ರ ತರುವಾಯ ಹಂಗೇರಿಯ ಪತ್ರಿಕೆಗಳಲ್ಲಿ ಬಹುಭಾಗವು ವಾಮಪಂಥಿಗಳ ಮತ್ತು ಉದಾರಪಂಥಿಗಳ ಕೈಯಲ್ಲಿದ್ದಿತು, ವಿದೇಶೀಯರ ಹಣವೂ ಅದರಲ್ಲಿತ್ತು, ಸಂಪ್ರದಾಯಪಕ್ಷಕ್ಕೆ ಧ್ವನಿಯೇ ಇರಲಿಲ್ಲ, ಈಗ ತಕ್ಕಡಿಯು ಸಮವಾಯಿತು ಎಂದು ಅವರು ಹೇಳುವರು. ಇದು ಪೂರ್ತಿಯಾಗಿ ನಿರಾಧಾರವಲ್ಲ. ಪೋಷಕನಿಲ್ಲದೆ ಪತ್ರಿಕೆಯು ನಡೆಯದೆಂಬುದೂ ಎಲ್ಲರೂ ಬಲ್ಲ ವಿಷಯ. ಆದರೆ ಧ್ವನಿಯಿಲ್ಲದ ಪಕ್ಷವು ತನ್ನ ಧ್ವನಿಯನ್ನು ತನ್ನ ಹೆಸರಿನಿಂದ ಎತ್ತಬಹುದಾಗಿತ್ತು. ಹಾಗೆ ಎತ್ತಿದ ಪತ್ರಿಕೆಗಳೂ ಆ ದೇಶದಲ್ಲಿದ್ದುವು. ಸರ್ಕಾರದ ಜಾಹೀರಾತಿನ ಹಣವು ಅನುಕೂಲಪತ್ರಿಕೆಗಳ ಕಡೆಗೇ ಹರಿಯುತ್ತಿದ್ದುದನ್ನು ನೋಡಿದರೆ, ಪೋಷಕನು ಯಾರು ಎಂಬ ಪ್ರಶ್ನೆಗೆ ತೆರಿಗೆ ಕೊಡುವ ಪ್ರಜೆಯೇ ಎಂಬುದು ಉತ್ತರವಾಗುವುದು. ವಿರೋಧಪಕ್ಷಕ್ಕೆ ಮತ ಕೊಡುವವನೂ ತನ್ನ ತೆರಿಗೆಯಿಂದ ತನ್ನ ನಿಂದೆಗೆ ಬೆಲೆ ಕೊಡುತ್ತಿದ್ದನು. ತಕ್ಕಡಿಯ ಉಪಮೆಯು ಇಲ್ಲಿ ಹೊಂದಲಾರದು.

ಇದೇ ಕಥೆಯು ‘ಇಂಡೆಕ್ಸ್’ ಎಂಬ ಮತ್ತೊಂದು ಪತ್ರಿಕೆಯಲ್ಲಿ ಪುನಃ ನಡೆಯಿತು. 2014ರಲ್ಲಿ ‘ಒರಿಗೊ’ ಸಂಸ್ಥೆಯ ಆಡಳಿತಾಧಿಕಾರಿಯಾಗಿದ್ದ ಮಿಕ್ಲೋಶ್ ವಾಸಿಲಿಯವರೇ 2020ರ ಮಾರ್ಚಿಯಲ್ಲಿ ‘ಇಂಡೆಕ್ಸ್’ ಪತ್ರಿಕೆಯ ಜಾಹೀರಾತುಗಳನ್ನು ನಡೆಸುತ್ತಿದ್ದ ಸಂಸ್ಥೆಯಲ್ಲಿ ಅರ್ಧಪಾಲನ್ನು ಕೊಂಡರು. ಈ ಪತ್ರಿಕೆಯವರು ತಮ್ಮ ಸ್ವಾತಂತ್ರ್ಯದ ಸ್ಥಿತಿಯನ್ನು ತೋರಿಸಲು ವಾಯುಭಾರಮಾಪಕದಂತಹ ಒಂದು ಚಿಹ್ನೆಯನ್ನು ಇಟ್ಟುಕೊಂಡಿದ್ದರು. ಆ ವರ್ಷದ ಜೂನ್ ತಿಂಗಳಲ್ಲಿ ಅದರ ಮುಳ್ಳನ್ನು ‘ಸ್ವತಂತ್ರ’ ಎಂಬಲ್ಲಿಂದ ‘ಅಪಾಯದಲ್ಲಿದೆ’ ಎಂಬಲ್ಲಿಗೆ ತಿರುಗಿಸಿದರು. ಶಬ್ದವು ತನ್ನ ಪ್ರಾಮಾಣ್ಯದ ವಿಷಯದಲ್ಲಿ ತಾನೇ ಸಂಶಯವನ್ನು ಸಾರಿದ ಇಂತಹ ಉದಾಹರಣೆಯು ಯಾವ ದರ್ಶನಗ್ರಂಥದಲ್ಲಿಯೂ ಇಲ್ಲ. ಇದ್ದಿದ್ದರೆ ಟೀಕಾಕಾರರಿಗೆ ಬಹಳ ಕೆಲಸವಿರುತ್ತಿತ್ತು. ಜುಲೈ 22ರಂದು ಸಂಪಾದಕರಾದ ಸಬೋಲ್ಚ್ ದುಲ್ ಅವರು ವಜಾ ಆದರು. ಎರಡು ದಿನಗಳಲ್ಲಿ 70ಕ್ಕೂ ಹೆಚ್ಚು ಮಂದಿ ಸಿಬ್ಬಂದಿಯವರು ರಾಜೀನಾಮೆಯನ್ನು ಕೊಟ್ಟರು.

‘ಒರಿಗೊ’ ಬಿಟ್ಟುಹೋದ ಪೆತೊ, ಶಾಲಿಂಗ್ ಮೊದಲಾದವರು 2015ರಲ್ಲಿ ‘ದಿರೆಕ್ತ್36’ ಎಂಬ ಅನ್ವೇಷಣಪತ್ರಿಕೆಯನ್ನು ಆರಂಭಿಸಿದ್ದರು. ‘ಇಂಡೆಕ್ಸ್’ ಬಿಟ್ಟವರಲ್ಲಿ ಬಹುಮಂದಿ 2020ರ ಅಕ್ಟೋಬರ್ 2ರಂದು ‘ಟೆಲೆಕ್ಸ್’ ಪತ್ರಿಕೆಯನ್ನು ಹೊರಡಿಸಿದರು. ಎರಡಕ್ಕೂ ವಾಚಕರು ಕೊಡುವ ಕಾಣಿಕೆಯು ಒಂದು ಆಧಾರ. ಹಳೆಯ ಹೆಸರುಗಳನ್ನು ಕೊಂಡವರಲ್ಲಿಯೇ ಬಿಟ್ಟು ಬಂದ ಇವರಿಗೆ ಹೆಸರಿನ ಸಂಸ್ಕಾರಬಲವಾವುದೂ ಇರಲಿಲ್ಲ. ಪ್ರತಿದಿನದ ವಾರ್ತೆಯ ಸಂವಾದದಿಂದಲೇ ಆಪ್ತತ್ವವನ್ನು ಮೊದಲಿನಿಂದ ಸಂಪಾದಿಸಬೇಕಾಯಿತು. ಕಾಣಿಕೆಯನ್ನು ಕೊಟ್ಟ ವಾಚಕರಲ್ಲಿ ಬಹುಮಂದಿ ಹಳೆಯ ಪತ್ರಿಕೆಗಳಲ್ಲಿ ಈ ಲೇಖಕರನ್ನೇ ಓದಿದ್ದವರು. ಲೇಖನದ ಕೆಳಗಿನ ಸಹಿಯನ್ನು ನೋಡುವ ಅಭ್ಯಾಸವು ಅವರಿಗೆ ಮೊದಲೇ ಇದ್ದಿತು.